ಹವಳದ ತೊಟ್ಟಿಗೆ ಕರೆಯದೆ ಬರುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ಮನೆಯಲ್ಲಿಯೇ ಕಡಲ ನೀರಿನ ಅಕ್ವೇರಿಯಂ ಇಟ್ಟು ಹವಳ ಬೆಳೆಸುತ್ತಾರೆ. ಇಂದಿನ ಮಾತು ಅವರಿಗಾಗಿ. ಅವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ತೊಟ್ಟಿಯಲ್ಲಿ ಏನೋ ಪೀಡೆ ಸೇರಿಕೊಂಡಿದೆ, ಕೊಲ್ಲುವುದು ಹೇಗೆ?" ಕೊಲ್ಲುವ ದಾರಿಯನ್ನೂ ಹೇಳುತ್ತೇನೆ. ಆದರೆ ಅದು ಒಳಗೆ ಬಂದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲವಲ್ಲ, ಅದೇ ನನಗೆ ಬೇಸರ. ಕಡಲಿನಿಂದ ನಿಮ್ಮ ಮನೆಯ ತೊಟ್ಟಿಗೆ ಯಾವ ಹಾದಿಯೂ ಇಲ್ಲ. ಹೊಸ ಕಲ್ಲಿನ ಸಂದಿಯಲ್ಲಿ, ಹವಳದ ತುಂಡನ್ನು ಅಂಟಿಸಿದ ಬಿಲ್ಲೆಯ ಅಡಿಯಲ್ಲಿ ಕುಳಿತು ಅದು ಬಂದಿರುತ್ತದೆ. ಆದ್ದರಿಂದ ಒಂದೇ ಮಾತು ನೆನಪಿಡಿ: ಹೊಸದಾಗಿ ತಂದ ಯಾವುದನ್ನೂ ನೇರವಾಗಿ ತೊಟ್ಟಿಗೆ ಇಳಿಸಬೇಡಿ.

ಕರ್ನಾಟಕದಲ್ಲಿ ಕುಳಿತು ಕೇಳುತ್ತಿರುವವರಿಗೆ ಇಲ್ಲಿಯೇ ಒಂದು ಮಾತು. ಭಾರತದಲ್ಲಿ 2001ರಿಂದ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಹವಳಗಳಿವೆ. ಅವುಗಳನ್ನು ನೀರಿಗಿಳಿದು ನೋಡಿ, ಕಿತ್ತು ತರಬೇಡಿ.

ಪೀಡೆಗಳಲ್ಲಿ ಮೊದಲ ಹೆಸರು ಐಪ್ಟೇಶಿಯಾ. ಇದು ಸೀ ಅನಿಮೋನ್, ಅಂದರೆ ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳುವ ಪುಟ್ಟ ಕಡಲ ಪ್ರಾಣಿ. ಕಂದು ಬಣ್ಣ, ಗಾಜಿನಂತೆ ಪಾರದರ್ಶಕವಾದ ಮೈ, ತಲೆಯ ಮೇಲೆ ಎಸಳುಗಳಂತೆ ಹರಡಿದ ಕುಟುಕುವ ಬಳ್ಳಿಗಳು. ನೋಡಲು ನಿಜಕ್ಕೂ ಚೆಂದ. ಹವಳದ ಒಳಗಿರುವಂಥದೇ ಪಾಚಿ ಇದರ ಮೈಯಲ್ಲಿಯೂ ಬದುಕುತ್ತದೆ. ಹಾಗಾಗಿ ಹವಳವನ್ನು ಅರಿಯಲು ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಇದನ್ನು ಬೇಕೆಂದೇ ಸಾಕುತ್ತಾರೆ. ನಾನೂ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡುತ್ತಾ ಎಷ್ಟೋ ಹೊತ್ತು ಮೈಮರೆತಿದ್ದೇನೆ. ಆದರೆ ನಿಮ್ಮ ತೊಟ್ಟಿಯಲ್ಲಿ ಇದು ಪಕ್ಕದ ಹವಳವನ್ನು ಕುಟುಕಿ ಸಾಯಿಸುತ್ತದೆ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನನ್ನ ಪರಿಚಯದ ಒಂದು ಕುಟುಂಬವಿದೆ, ಶಿವಮೊಗ್ಗದ ಕಡೆಯವರು. ಅವರು ಕೊಂಡು ತಂದ ಕಲ್ಲಿನ ಮೇಲೆ ಇಂಥದೊಂದು ಅರಳಿಕೊಂಡಿತು. ಹವಳದ ಜೊತೆಗೆ ಹೂವು ಪುಕ್ಕಟೆ ಸಿಕ್ಕಿತೆಂದು ಮನೆಮಂದಿಗೆಲ್ಲ ಸಂಭ್ರಮ. ಮಗಳು ಅದಕ್ಕೊಂದು ಹೆಸರನ್ನೂ ಇಟ್ಟಳು. ಕೆಲವು ವಾರಗಳಲ್ಲಿ ಪಕ್ಕದ ಹವಳ ಬಿಳಿಚಿಕೊಂಡಿತು. ಆಗ ಮನೆಯ ಯಜಮಾನ ಚಾಕು ತೆಗೆದುಕೊಂಡು ಆ ಐಪ್ಟೇಶಿಯಾವನ್ನು ಕೆರೆದು ತೆಗೆದ. ಎಲ್ಲರೂ ಮಾಡುವುದು ಇದನ್ನೇ, ಮಾಡಬಾರದ್ದೂ ಇದನ್ನೇ. ಐಪ್ಟೇಶಿಯಾದ ಪಾದದ ಒಂದು ಚೂರು ಕಲ್ಲಿನ ಮೇಲೆ ಉಳಿದರೆ ಸಾಕು, ಅದು ಇನ್ನೊಂದು ಐಪ್ಟೇಶಿಯಾ ಆಗಿ ಬೆಳೆಯುತ್ತದೆ. ಒಂದು ಇದ್ದಲ್ಲಿ ಹತ್ತಾದವು. ಹತ್ತನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ಆಮೇಲೆ ಎಣಿಸುವುದನ್ನೇ ಬಿಟ್ಟರು. ಊರಿನಿಂದ ಬಂದಿದ್ದ ಆತನ ತಾಯಿ ದಿನವೂ ತೊಟ್ಟಿಯ ಮುಂದೆ ಕುಳಿತು ನೋಡುತ್ತಿದ್ದರು. "ಕಿತ್ತಷ್ಟೂ ಹುಟ್ಟುತ್ತದಲ್ಲೋ, ಇದು ರಕ್ತಬೀಜಾಸುರನೇ ಸರಿ" ಎಂದರಂತೆ. ಐಪ್ಟೇಶಿಯಾದ ಗುಣವನ್ನು ಇಷ್ಟು ಸರಿಯಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಒಂದು ರಾತ್ರಿ ಆತನ ಫೋನ್ ಬಂತು. "ಅಣ್ಣಾ, ಕಲ್ಲನ್ನೇ ಕುದಿಸಿಬಿಡುತ್ತೇನೆ. ಎಷ್ಟು ಹೊತ್ತು ಕುದಿಸಬೇಕು?" ಹಬ್ಬಕ್ಕೆ ಸಾರು ಮಾಡುವ ದೊಡ್ಡ ಪಾತ್ರೆಯನ್ನು ಆಗಲೇ ಒಲೆಗೆ ಏರಿಸಿದ್ದ. ಆ ಕಲ್ಲಿನ ಮೇಲೆ ಬೇರೆ ಏನಿದೆ ಎಂದು ಕೇಳಿದೆ. "ಅಂಗಿಯ ಗುಂಡಿಯಷ್ಟು ಅಗಲದ ಕಂದು ಪಾಲಿಥೋವ ಗೊಂಚಲು ಇದೆ" ಎಂದ. "ಮೊದಲು ಒಲೆ ಆರಿಸು, ಆಮೇಲೆ ಮಾತು" ಎಂದು ಕೂಗಿಯೇಬಿಟ್ಟೆ.

ಕೇಳುಗರೇ, ಇದನ್ನು ಗಮನವಿಟ್ಟು ಕೇಳಿ. ಪಾಲಿಥೋವ ಎಂದರೆ ಕಲ್ಲಿನ ಮೇಲೆ ಗೊಂಚಲಾಗಿ ಬೆಳೆಯುವ, ಹವಳದ ಬಂಧುವಾದ ಕಡಲ ಜೀವಿ. ಈ ಜಾತಿಯ ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. 1971ರಲ್ಲಿ ಹವಾಯಿಯ ರಿಚರ್ಡ್ ಮೂರ್ ಮತ್ತು ಪಾಲ್ ಶೂಯರ್ ಇದನ್ನು ಬೇರ್ಪಡಿಸಿ ಜಗತ್ತಿಗೆ ತಿಳಿಸಿದರು. ಕಲ್ಲನ್ನು ಕುದಿಸಿದರೆ, ಅಥವಾ ಅದರ ಮೇಲೆ ಕುದಿಯುವ ನೀರು ಸುರಿದರೆ, ಈ ವಿಷ ಆವಿಯ ಜೊತೆ ಸಣ್ಣ ಹನಿಗಳಾಗಿ ಮನೆಯ ಗಾಳಿಗೆ ಸೇರುತ್ತದೆ. ಜ್ವರ, ಕೆಮ್ಮು, ಮೈಕೈ ನೋವು, ಉಸಿರಾಟದ ತೊಂದರೆ. ಹೀಗೆ ಕಲ್ಲು ಕುದಿಸಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಆ ರಾತ್ರಿ ಆ ಮನೆಯಲ್ಲಿ ಮಗುವಿತ್ತು, ವಯಸ್ಸಾದ ತಾಯಿಯಿದ್ದರು. ಕಡಲಿನ ಕಲ್ಲನ್ನು ಎಂದೂ ಕುದಿಸಬೇಡಿ. ಬರಿಗೈಯಲ್ಲಿ ಉಜ್ಜಬೇಡಿ. ಕೈಗವಸು ಹಾಕಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ.

ಹಾಗಾದರೆ ಆತ ಏನು ಮಾಡಿದ? ಕಲ್ಲು ತೊಟ್ಟಿಗೆ ಮರಳಿತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ, ಅಕ್ವೇರಿಯಂ ಅಂಗಡಿಯಲ್ಲಿ ಶುದ್ಧ ಪುಡಿಯಾಗಿ ಸಿಗುತ್ತದೆ. ಅದನ್ನು ಗಟ್ಟಿಯಾಗಿ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಒಂದೊಂದು ಐಪ್ಟೇಶಿಯಾದ ಬಾಯಿಯ ಮೇಲೆ ಮುಚ್ಚಿದ. ದಿನಕ್ಕೆ ಕೆಲವನ್ನು ಮಾತ್ರ. ಹೆಚ್ಚಾದರೆ ನೀರಿನ ಪಿಎಚ್ ಏರಿ ಮೀನುಗಳಿಗೆ ಕುತ್ತು. ಸಂದಿಗಳಲ್ಲಿ ಉಳಿದವುಗಳಿಗೆ ಬರ್ಗಿಯಾ ತಂದು ಬಿಟ್ಟ. ಬರ್ಗಿಯಾ ಎಂದರೆ ಚಿಪ್ಪಿಲ್ಲದ ಪುಟ್ಟ ಕಡಲ ಬಸವನಹುಳು. ಐಪ್ಟೇಶಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ! ಇಂಥ ಜೀವಿ ಒಂದಿದೆ ಎಂಬುದೇ ನನಗೆ ಇಂದಿಗೂ ಬೆರಗು. ತಿಂಗಳುಗಳು ಹಿಡಿದವು, ಆದರೆ ತೊಟ್ಟಿ ಶುದ್ಧವಾಯಿತು. ಪೆಪ್ಪರ್‌ಮಿಂಟ್ ಸೀಗಡಿಯೂ ಐಪ್ಟೇಶಿಯಾ ತಿನ್ನುತ್ತದೆ. ಆದರೆ ಅದು ಬರ್ಗಿಯಾವನ್ನೂ ತಿನ್ನಬಹುದು, ಎರಡನ್ನೂ ಒಟ್ಟಿಗೆ ಬಿಡಬೇಡಿ.

ಈ ಪಾಡೆಲ್ಲ ತಪ್ಪಬೇಕಿದ್ದರೆ? ಹೊಸದನ್ನು ನೇರವಾಗಿ ಇಳಿಸಬೇಡಿ! ಹತ್ತು ಗ್ಯಾಲನ್ನಿನ ಒಂದು ಚಿಕ್ಕ ತೊಟ್ಟಿ, ಹೀಟರ್, ಸಣ್ಣ ಪಂಪ್, ಒಂದು ದೀಪ ಸಾಕು. ತಂದ ಹವಳವನ್ನು ಮೊದಲು ಬಿಲ್ಲೆಯಿಂದ ಬಿಡಿಸಿ, ಬಿಲ್ಲೆಯನ್ನು ಎಸೆಯಿರಿ. ಹವಳಕ್ಕೆಂದೇ ಮಾರುವ ಡಿಪ್ ದ್ರಾವಣದಲ್ಲಿ, ಶೀಶೆಯ ಮೇಲೆ ಬರೆದಷ್ಟು ನಿಮಿಷ ಅದ್ದಿ. ಪಿಚಕಾರಿಯಿಂದ ನೀರು ಚಿಮ್ಮಿಸಿ ಹುಳುಗಳನ್ನು ಉದುರಿಸಿ. ಬೇರೆ ಶುದ್ಧ ಕಡಲ ನೀರಿನಲ್ಲಿ ತೊಳೆದು ಚಿಕ್ಕ ತೊಟ್ಟಿಗೆ ಬಿಡಿ. ಡಿಪ್ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಮತ್ತೆ ಅದ್ದಿ, ಆರು ವಾರ ಕಾಯಿರಿ, ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿ. ಜಾಗವಿಲ್ಲ, ಸಮಯವಿಲ್ಲ ಎನ್ನುತ್ತೀರಿ. ದೊಡ್ಡ ತೊಟ್ಟಿಗೆ ಜಾಗ ಸಿಕ್ಕವರಿಗೆ ಚಿಕ್ಕದಕ್ಕೂ ಸಿಗುತ್ತದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೈತುಂಬ ಮುಳ್ಳುಗೂದಲಿರುವ ಬ್ರಿಸಲ್ ಹುಳುಗಳನ್ನು ಕಂಡು ಗಾಬರಿಯಾಗಬೇಡಿ. ಅವುಗಳಲ್ಲಿ ಹೆಚ್ಚಿನವು ಮೀನು ತಿಂದು ಬಿಟ್ಟದ್ದನ್ನು ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತವೆ. ಬರಿಗೈಯಲ್ಲಿ ಮುಟ್ಟದಿದ್ದರೆ ಸಾಕು. ಕೆಂಪು ಚಪ್ಪಟೆ ಹುಳುಗಳು ರಾಶಿಯಾಗಿದ್ದರೆ ಕೂಡಲೇ ಔಷಧಿ ಸುರಿಯಬೇಡಿ. ಒಟ್ಟಿಗೆ ಸತ್ತರೆ ಅವು ಬಿಡುವ ವಿಷಕ್ಕೆ ಮೀನುಗಳೂ ಸಾಯಬಹುದು. ಮೊದಲು ಸಣ್ಣ ಪೈಪಿನಿಂದ ಎಷ್ಟಾಗುತ್ತದೆಯೋ ಅಷ್ಟು ಹುಳು ಎಳೆದು ತೆಗೆಯಿರಿ, ಆಮೇಲೆ ಔಷಧಿ ಹಾಕಿ, ಬದಲಿಸಲು ಹೊಸ ಕಡಲ ನೀರನ್ನೂ ಫಿಲ್ಟರಿಗೆ ಹಾಕುವ ಇದ್ದಿಲನ್ನೂ (ಆಕ್ಟಿವೇಟೆಡ್ ಕಾರ್ಬನ್) ಮೊದಲೇ ಸಿದ್ಧವಾಗಿಟ್ಟುಕೊಳ್ಳಿ.

ನಮಸ್ಕಾರ.