ಗಿಡದ ಕೈಗೆ ಏಡಿಯ ಇಕ್ಕಳ: ವಿಷದ ಮಣ್ಣನ್ನು ಸಾಸಿವೆ ತೊಳೆಯಬಲ್ಲದಾ?

[ದೃಶ್ಯ: ದಾವಣಗೆರೆಯ ಗೊಬ್ಬರದ ಅಂಗಡಿ. ಕೈಯಲ್ಲಿ ಒಂದು ಪೊಟ್ಟಣ]

ನಮಸ್ಕಾರ. ಮೆಕ್ಕೆಜೋಳ ಬೆಳೆಯುವವರಿಗೆ ಈ ಪೊಟ್ಟಣ ಗೊತ್ತಿರುತ್ತದೆ. ಚಿಲೇಟೆಡ್ ಜಿಂಕ್. ಮೇಲೆ ಇಡಿಟಿಎ ಅಂತ ಬರೆದಿದೆ, ಸತು ಅಂದರೆ ಜಿಂಕ್ 12%. ಇಡಿಟಿಎ ಅಂದರೆ ಲೋಹವನ್ನು ಹಿಡಿದಿಟ್ಟುಕೊಳ್ಳುವ ಒಂದು ರಾಸಾಯನಿಕ. ಇದನ್ನು ಯಾಕೆ ತಂದೆ ಅಂದರೆ, ಚಿತ್ರದುರ್ಗದಿಂದ ಒಬ್ಬರು ಕೇಳಿದ್ದರು: "ಅಕ್ಕಾ, ನಮ್ಮ ಇಂಗಳದಾಳ್ ಕಡೆ ಮೊದಲು ತಾಮ್ರದ ಗಣಿ ಇತ್ತು. ಗಣಿ ಮಣ್ಣನ್ನು ಗಿಡ ಬೆಳೆದೇ ಸರಿ ಮಾಡಬಹುದಾ?"

ಬೇರು ನೀರಲ್ಲಿ ಕರಗಿದ್ದನ್ನು ಮಾತ್ರ ಕುಡಿಯುತ್ತದೆ. ಸೀಸದಂಥ ವಿಷದ ಲೋಹ ಕರಗುವುದೇ ಇಲ್ಲ ಅನ್ನುವಷ್ಟು ಕಮ್ಮಿ, ಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಅದನ್ನು ಬಿಡಿಸಿ ಬೇರಿಗೆ ಕೊಡಲು ಈ ಪೊಟ್ಟಣದಲ್ಲಿರುವ ಇಡಿಟಿಎಯನ್ನೇ ಬಳಸಿ ನೋಡಿದ್ದಾರೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

[ದೃಶ್ಯ: ಭದ್ರಾ ನಾಲೆ ಬಯಲಿನ ಗದ್ದೆ ಬದು, ಏಡಿ ಬಿಲ]

ನನಗೆ ಬಹಳ ಇಷ್ಟವಾದ ಭಾಗ ಇದು. ಇಡಿಟಿಎ ಲೋಹವನ್ನು ಹಿಡಿಯುವುದಕ್ಕೆ ಹೇಳುವ ಚಿಲೇಟ್ ಅನ್ನುವ ಪದ ಬಂದಿದ್ದು ಗ್ರೀಕ್ ಭಾಷೆಯಿಂದ. ಅಲ್ಲಿ ಅದರ ಅರ್ಥ ಏಡಿಯ ಇಕ್ಕಳ! ಚಿಕ್ಕವರಿದ್ದಾಗ ಬದುವಿನ ಬಿಲಕ್ಕೆ ಬೆರಳು ಹಾಕಿದವರಿಗೆ ಆ ಹಿಡಿತ ಗೊತ್ತು ಅಲ್ವಾ? ಏಡಿಗೆ ಇಕ್ಕಳ ಎರಡು. ಇಡಿಟಿಎ ಲೋಹವನ್ನು ಹಿಡಿಯುವುದು ಆರು ಕಡೆಯಿಂದ. ಹಾಗೆ ಹಿಡಿದ ಮೇಲೆ ಲೋಹ ಒಳಗೆ ಅಡಗಿಬಿಡುತ್ತದೆ. ಮಣ್ಣಿಗೆ ಅದು ಸಿಗುವುದಿಲ್ಲ, ನೀರಿನ ಜೊತೆ ಸಲೀಸಾಗಿ ಹರಿಯುತ್ತದೆ. ಪೊಟ್ಟಣದ ಸತು ಮಣ್ಣಲ್ಲಿ ಕಟ್ಟಿಬೀಳದೆ ಜೋಳಕ್ಕೆ ಸಿಗುವುದು ಇದರಿಂದಲೇ. ಇಡಿಟಿಎ ಹಿಡಿದ ಸೀಸವೂ ಹೀಗೇ ಬೇರಿಗೆ ಬಂದು, ಎಲೆ ನೀರು ಎಳೆದಾಗ ಅದರ ಜೊತೆ ಮೇಲೇರುತ್ತದೆ.

1997ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ನೋಡಿ. ಕೆಜಿ ಮಣ್ಣಿಗೆ 600 ಮಿಲಿಗ್ರಾಂ ಸೀಸ. ಬೆಳೆದಿದ್ದು ನಾವು ಒಗ್ಗರಣೆಗೆ ಹಾಕುವ ಸಾಸಿವೆಯ ಜಾತಿ. ಇಡಿಟಿಎ ಕೊಟ್ಟಾಗ ಒಣಗಿದ ಗಿಡದ ತೂಕದಲ್ಲಿ 1.5%ವರೆಗೂ ಸೀಸ ಸಿಕ್ಕಿತು. ಕೆಜಿಗೆ 15 ಗ್ರಾಂ! ಆದರೆ ಗಿಡ ಚೆನ್ನಾಗಿ ಬೆಳೆದ ಮೇಲೇ ಇಡಿಟಿಎ ಹಾಕಬೇಕು. ಅಷ್ಟು ಲೋಹ ಕುಡಿದ ಗಿಡ ಬಾಡುತ್ತದೆ, ಬೇಗ ಕೊಯ್ಯಬೇಕು.

ಈಗ ನನ್ನ ಭಯ ಹೇಳುತ್ತೇನೆ. ಇಂಥ ಪ್ರಯೋಗಗಳಲ್ಲಿ ಕೆಜಿ ಮಣ್ಣಿಗೆ ಒಂದೂವರೆ ಗ್ರಾಂವರೆಗೂ ಇಡಿಟಿಎ ಹಾಕಿದ್ದಿದೆ. ಒಂದು ಎಕರೆಯಲ್ಲಿ ಅರ್ಧ ಅಡಿ ಆಳದ ಮಣ್ಣು ಸುಮಾರು 900 ಟನ್. ಲೆಕ್ಕ ಹಾಕಿ, ಎಕರೆಗೆ ಇಡಿಟಿಎ 1,300 ಕೆಜಿ ದಾಟುತ್ತದೆ. ಗಿಡ ಅಷ್ಟನ್ನೂ ಕುಡಿಯುವುದಿಲ್ಲ. ಉಳಿದಿದ್ದು ಬೇಗ ಕೊಳೆಯುವುದೂ ಇಲ್ಲ, ತಿಂಗಳುಗಟ್ಟಲೆ ಮಣ್ಣಲ್ಲಿರುತ್ತದೆ. ಒಂದು ಒಳ್ಳೆ ಮಳೆ ಬಂದರೆ ಹಿಡಿದ ಲೋಹದ ಸಮೇತ ಕೆಳಗಿಳಿಯುತ್ತದೆ. ಬೋರ್‌ವೆಲ್ ನೀರನ್ನೇ ನಂಬಿರುವ ಚಿತ್ರದುರ್ಗದ ಬಯಲಲ್ಲಿ ಇದನ್ನು ಸುಮ್ನೆ ಸುರಿಯಬಾರದು. ನಾನಂತೂ ಬೇಡ ಅಂತಲೇ ಹೇಳುತ್ತೇನೆ.

ಸಮಯ ಕಮ್ಮಿ ಇದೆ, ಉಳಿದಿದ್ದು ಬೇಗ ಹೇಳುತ್ತೇನೆ. ಇಡಿಡಿಎಸ್ ಅಂತ ಇದರ ತಮ್ಮನಂಥ ಒಂದು ವಸ್ತು ಇದೆ, ಅದು ಬೇಗ ಕೊಳೆಯುತ್ತದೆ, ತಾಮ್ರಕ್ಕೆ ಇಡಿಟಿಎಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲ ಇನ್ನೂ ಬೇಗ ಕೊಳೆತುಹೋಗುತ್ತದೆ, ಆದರೆ ಲೋಹದ ಮೇಲೆ ಅದರ ಹಿಡಿತ ಸಡಿಲ. ಕೊಯ್ದ ಗಿಡವನ್ನು ದನಕ್ಕೆ ಹಾಕಲೇಬೇಡಿ, ಒಲೆಗೂ ಬೇಡ. ಒಂದು ಬೆಳೆಗೆ ಇದು ಮುಗಿಯುವ ಕೆಲಸವೂ ಅಲ್ಲ.

ಪ್ರಶ್ನೆ ಕೇಳಿದ ಅಣ್ಣಾ, ಮೊದಲು ಮಣ್ಣು, ಬೋರ್ ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಸರ್ಕಾರದ ಮಣ್ಣು ಪರೀಕ್ಷೆಯ ಚೀಟಿ, ಅಂದರೆ ಸಾಯಿಲ್ ಹೆಲ್ತ್ ಕಾರ್ಡಿನ 12 ಅಂಶಗಳಲ್ಲಿ ತಾಮ್ರ ಇದೆ, ಸೀಸ ಇಲ್ಲ. ಸೀಸ, ಅದರಂತೆಯೇ ವಿಷದ ಲೋಹವಾದ ಕ್ಯಾಡ್ಮಿಯಂ ಪರೀಕ್ಷೆಯೂ ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಬೇಕು.