ಗೆರೆ ಇಲ್ಲದ ಜಾಗ

ಕೇಳುಗರೇ, ನಮಸ್ಕಾರ.

1963ರ ಮಾತು. ಸ್ವೀಡನ್ನಿನಲ್ಲಿ ಕಾರ್ಲ್-ಬರ್ಟಿಲ್ ಲಾರೆಲ್ ಎಂಬ ಸಂಶೋಧಕರು ರಕ್ತದ ಸೀರಮ್ ಪರೀಕ್ಷೆಯ ಪಟ್ಟಿಗಳನ್ನು ನೋಡುತ್ತಿದ್ದರು. ವಿದ್ಯುತ್ ಹರಿಸಿದಾಗ ಸೀರಮ್ಮಿನ ಪ್ರೋಟೀನ್‌ಗಳು ಬೇರೆ ಬೇರೆಯಾಗಿ ಗೆರೆಗಳಂತೆ ನಿಲ್ಲುತ್ತವೆ. ಐದು ಜನರ ಪಟ್ಟಿಯಲ್ಲಿ ಒಂದು ಗೆರೆ ಕಾಣಲಿಲ್ಲ. ಲಾರೆಲ್ ಅದನ್ನು ಸುಮ್ನೆ ಬಿಡಲಿಲ್ಲ. ವೈದ್ಯ ಸ್ಟೆನ್ ಎರಿಕ್ಸನ್ ಜೊತೆ ಸೇರಿ ಆ ಐವರನ್ನು ವಿಚಾರಿಸಿದರು. ಮೂವರಿಗೆ ಶ್ವಾಸಕೋಶದ ಕಾಯಿಲೆ ಇತ್ತು. ಕಾಣೆಯಾಗಿದ್ದ ಆ ಪ್ರೋಟೀನ್ ಆಲ್ಫಾ-1 ಆಂಟಿಟ್ರಿಪ್ಸಿನ್. ಇವತ್ತು ನಾನು ಮಾತಾಡುವುದು ಅದನ್ನು ಪತ್ತೆ ಹಚ್ಚುವ ಪ್ರತಿಕಾಯದ ಬಗ್ಗೆ, ಅಂದರೆ ಒಂದು ನಿರ್ದಿಷ್ಟ ಪ್ರೋಟೀನಿಗೆ ಅಂಟಿಕೊಂಡು ಅದು ಇದೆಯೇ ಎಂದು ತೋರಿಸಲು ಲ್ಯಾಬಿನಲ್ಲಿ ನಾವು ದಿನವೂ ಬಳಸುವ ಆಂಟಿಬಾಡಿಯ ಬಗ್ಗೆ.

ಮೊದಲು ಪ್ರೋಟೀನಿನ ಕೆಲಸ ಏನು ಅಂತ ನೋಡೋಣ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಎಲಾಸ್ಟೇಸ್ ಎಂಬ ಎಂಜೈಮನ್ನು ಇಟ್ಟುಕೊಂಡಿರುತ್ತವೆ. ಅದು ಪ್ರೋಟೀನ್ ಕತ್ತರಿಸುವ ಎಂಜೈಮು, ಅಂದರೆ ಪ್ರೋಟಿಯೇಸ್. ತಡೆಯುವವರು ಇಲ್ಲದಿದ್ದರೆ ಶ್ವಾಸಕೋಶದ ಹಿಗ್ಗುವ ಎಳೆಗಳನ್ನೇ ಕತ್ತರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದನ್ನು ತಡೆಯುವುದು ಯಕೃತ್ತಿನಲ್ಲಿ ತಯಾರಾಗುವ ಆಲ್ಫಾ-1 ಆಂಟಿಟ್ರಿಪ್ಸಿನ್.

ತಡೆಯುವ ರೀತಿ ನನಗೆ ಇವತ್ತಿಗೂ ಬೆರಗು. ಈ ಪ್ರೋಟೀನಿನಲ್ಲಿ 394 ಅಮೈನೋ ಆಮ್ಲಗಳಿವೆ. ಅದರಲ್ಲೊಂದು ಕುಣಿಕೆ ಹೊರಗೆ ಚಾಚಿಕೊಂಡಿರುತ್ತದೆ. ಎಲಾಸ್ಟೇಸ್ ಬಂದು 358 ಮತ್ತು 359ನೇ ಅಮೈನೋ ಆಮ್ಲಗಳ ನಡುವೆ ಕಚ್ಚುತ್ತದೆ. ಕಚ್ಚಿದ ತಕ್ಷಣ ಕುಣಿಕೆ ಸರಕ್ಕನೆ ಒಳಗೆ ಸರಿಯುತ್ತದೆ. ಅದಕ್ಕೆ ಅಂಟಿಕೊಂಡ ಎಲಾಸ್ಟೇಸನ್ನೂ ಎಳೆದುಕೊಂಡು ಹೋಗಿ, ಅದರ ಆಕಾರವನ್ನೇ ಕೆಡಿಸಿಬಿಡುತ್ತದೆ. ಇಲಿ ಹಿಡಿಯುವ ಸ್ಪ್ರಿಂಗ್ ಬೋನಿನಂತೆ, ಆದರೆ ಒಂದೇ ಸಲಕ್ಕೆ. ಹಿಡಿದ ಬೋನೂ ಮುಗಿಯಿತು, ಇಲಿಯೂ ಮುಗಿಯಿತು.

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಈ ಪ್ರೋಟೀನ್ ಒಂದೇ ರೂಪದಲ್ಲಿ ಇರುವುದಿಲ್ಲ. ಆಂಟಿಬಾಡಿ ಹಿಡಿಯುವುದು ಇಡೀ ಪ್ರೋಟೀನನ್ನಲ್ಲ, ಅದರ ಮೈಮೇಲಿನ ಒಂದು ಚಿಕ್ಕ ತುಣುಕನ್ನು. ಯಾವ ತುಣುಕು ಅನ್ನುವುದು ತುಂಬಾ ಮುಖ್ಯ. ಜೆಲ್‌ನಲ್ಲಿ ಓಡಿಸಿ, ಪೊರೆಗೆ ವರ್ಗಾಯಿಸಿ, ಆಂಟಿಬಾಡಿ ಹಾಕಿದಾಗ ಸಹಜ ರೂಪದ ಗೆರೆ ಸುಮಾರು 52 ಕಿಲೋಡಾಲ್ಟನ್ ಹತ್ತಿರ ಬರುತ್ತದೆ. ಈ ಪರೀಕ್ಷೆಯೇ ವೆಸ್ಟರ್ನ್ ಬ್ಲಾಟ್. ಕಿಲೋಡಾಲ್ಟನ್ ಅಂದರೆ ಪ್ರೋಟೀನಿನ ತೂಕದ ಅಳತೆ; ಭಾರದ್ದು ಮೇಲೆ, ಹಗುರವಾದದ್ದು ಕೆಳಗೆ ನಿಲ್ಲುತ್ತದೆ. ಎಲಾಸ್ಟೇಸನ್ನು ಹಿಡಿದುಕೊಂಡ ಜೋಡಿ ಕುದಿಸಿದರೂ ಬಿಡುವುದಿಲ್ಲ, ಅದಕ್ಕೇ ಮೇಲೆ, 75-80ರ ಆಸುಪಾಸಿನಲ್ಲಿ ಇನ್ನೊಂದು ಗೆರೆ. ಕಚ್ಚಿಸಿಕೊಂಡು ಬೇರೆಯಾದ ರೂಪ ತುದಿಯ 36 ಅಮೈನೋ ಆಮ್ಲಗಳನ್ನು ಕಳೆದುಕೊಂಡು ಸ್ವಲ್ಪ ಕೆಳಗೆ ಬರುತ್ತದೆ. ನಿಮ್ಮ ಆಂಟಿಬಾಡಿ ಹಿಡಿಯುವುದು ಆ ತುದಿಯನ್ನೇ ಆದರೆ, ಈ ರೂಪ ಕಾಣುವುದೇ ಇಲ್ಲ. ಪ್ರೋಟೀನ್ ಇಲ್ಲ ಅಂತ ನೀವು ಬರೆದುಬಿಡುತ್ತೀರಿ.

1975ರಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. ಅದೇ ಮೊನೋಕ್ಲೋನಲ್. ಪ್ರಾಣಿಯ ರಕ್ತದಿಂದ ನೇರವಾಗಿ ತೆಗೆದದ್ದು ಪಾಲಿಕ್ಲೋನಲ್, ಹಲವು ತುಣುಕುಗಳನ್ನು ಹಿಡಿಯುವ ಮಿಶ್ರಣ. ಪ್ರಾಣಿ ಬದಲಾದರೆ ಮಿಶ್ರಣವೂ ಬದಲಾಗುತ್ತದೆ. ಹಾಗಾಗಿ ಬಾಟಲಿಯ ಹೆಸರು ಮಾತ್ರ ಅಲ್ಲ, ಲಾಟ್ ನಂಬರನ್ನೂ, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಅನ್ನುವ ಸಂಖ್ಯೆಯನ್ನೂ, ಬರೆದಿಡಬೇಕು.

ಈಗ ನನ್ನದೇ ಒಂದು ಅನುಭವ. ಮನುಷ್ಯರ ಈ ಜೀನಿನ ದೋಷವಿರುವ ರೂಪವನ್ನು ಸೇರಿಸಿದ ಇಲಿಗಳ ಯಕೃತ್ತಿನ ಮೇಲೆ ಕೆಲಸ ಮಾಡುತ್ತಿದ್ದೆ. ದೋಷ 342ನೇ ಅಮೈನೋ ಆಮ್ಲದಲ್ಲಿ. ಅಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಬಂದರೆ ಪ್ರೋಟೀನ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು ಯಕೃತ್ತಿನಲ್ಲೇ ಉಳಿದುಬಿಡುತ್ತವೆ. ನನ್ನ ಬ್ಲಾಟ್‌ನಲ್ಲಿ ಗೆರೆ ಚೆನ್ನಾಗಿ ಬಂತು, ಸರಿಯಾದ ಎತ್ತರದಲ್ಲೇ ಬಂತು. ಮೂರು ತಿಂಗಳು ಅದನ್ನು ನಂಬಿಕೊಂಡು ಅಳತೆ ತೆಗೆದೆ. ಆಮೇಲೆ ಒಂದು ದಿನ, ಆ ಜೀನು ಇಲ್ಲದ ಸಾಮಾನ್ಯ ಇಲಿಯ ಯಕೃತ್ತನ್ನು ಪಕ್ಕದಲ್ಲಿ ಹಾಕಿದೆ. ಅಲ್ಲಿಯೂ ಹೆಚ್ಚುಕಡಿಮೆ ಅದೇ ಗೆರೆ!

ಕಾರಣ ಸರಳ. ನಾನು ಬಳಸಿದ ಆಂಟಿಬಾಡಿ ಇಲಿಯಲ್ಲಿ ತಯಾರಾದದ್ದು. ಅದನ್ನು ಗುರುತಿಸಲು ಹಾಕುವ ಎರಡನೇ ಆಂಟಿಬಾಡಿ ಇಲಿಯ ಯಾವುದೇ ಆಂಟಿಬಾಡಿಗೂ ಅಂಟುತ್ತದೆ. ಯಕೃತ್ತಿನಲ್ಲಿ ಉಳಿದಿದ್ದ ರಕ್ತದಲ್ಲಿ ಇಲಿಯ ಸ್ವಂತ ಆಂಟಿಬಾಡಿಗಳಿದ್ದವು. ಜೆಲ್ಲಿನಲ್ಲಿ ಆಂಟಿಬಾಡಿ ಬಿಡಿ ಸರಪಳಿಗಳಾಗಿ ಬಿಚ್ಚಿಕೊಳ್ಳುತ್ತದೆ; ಅವುಗಳಲ್ಲಿ ಭಾರವಾದ ಸರಪಳಿ ಸುಮಾರು 50 ಕಿಲೋಡಾಲ್ಟನ್. ನಾನು ಹುಡುಕುತ್ತಿದ್ದ ಪ್ರೋಟೀನಿನ ಪಕ್ಕದಲ್ಲೇ ಬಂದು ನಿಂತಿತ್ತು. ಮೊಲದಲ್ಲಿ ತಯಾರಾದ ಆಂಟಿಬಾಡಿಗೆ ಬದಲಾಯಿಸಿದ ಮೇಲೆ ಸಾಮಾನ್ಯ ಇಲಿಯ ಸಾಲು ಖಾಲಿಯಾಯಿತು.

ಆ ಮೂರು ತಿಂಗಳ ಅಳತೆಗಳನ್ನೆಲ್ಲ ಬಿಟ್ಟೆ. ಮನಸ್ಸಿಗೆ ಕಷ್ಟವಾಯಿತು. ಆದರೆ ಬೇರೆ ಯಾರೋ ಅದನ್ನು ನಂಬಿ ಇನ್ನೂ ಒಂದು ವರ್ಷ ಕಳೆಯುವುದಕ್ಕಿಂತ ಅದು ಎಷ್ಟೋ ವಾಸಿ, ಅಲ್ವಾ?

ಜೀವಕೋಶ ಬೆಳೆಸುವವರಿಗೂ ಒಂದು ಮಾತು. ಪೋಷಕ ದ್ರವಕ್ಕೆ ಹಾಕುವ ಕರುವಿನ ಸೀರಮ್ಮಿನಲ್ಲೂ ಇದೇ ಜಾತಿಯ ಪ್ರೋಟೀನ್ ಇರುತ್ತದೆ. ನಿಮ್ಮ ಆಂಟಿಬಾಡಿ ಅದನ್ನೂ ಹಿಡಿಯಬಹುದು. ಕೋಶಗಳಿಲ್ಲದ ಬರೀ ದ್ರವವನ್ನು ಒಂದು ಸಾಲಿನಲ್ಲಿ ಹಾಕಿ ನೋಡಿ. ಹಾಗೆಯೇ ಆಂಟಿಬಾಡಿಯನ್ನು ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಬೇಡಿ, ಚಿಕ್ಕ ಚಿಕ್ಕ ಪಾಲು ಮಾಡಿ ಫ್ರೀಜರಿನಲ್ಲಿಡಿ.

ಈಗ ನನ್ನ ಪ್ರತಿ ಬ್ಲಾಟ್‌ನಲ್ಲೂ ಕೊನೆಯ ಸಾಲು ಆ ಪ್ರೋಟೀನ್ ಇಲ್ಲದ ಮಾದರಿಗೆ ಮೀಸಲು. ಪೊರೆಯ ಚಿತ್ರ ಬಂದಾಗ ಮೊದಲು ಅಲ್ಲಿಗೇ ಕಣ್ಣು ಹೋಗುತ್ತದೆ. ಅಲ್ಲಿ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಉಳಿದ ಸಾಲುಗಳನ್ನು ಓದಲು ಶುರು ಮಾಡುತ್ತೇನೆ.

ನಮಸ್ಕಾರ.