ಚೆನ್ನಾಗಿದ್ದೀರಾ? ಹಾಗಾದ್ರೆ ಮಾತ್ರೆ ಬಿಡಬೇಡಿ

ಕೇಳುಗರಿಗೆ ನಮಸ್ಕಾರ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್, ಇರುವವರಿಗೂ ಅವರ ಮನೆಯವರಿಗೂ ಇವತ್ತು ನಾನು ಹೇಳೋದು ಒಂದೇ ಮಾತು: ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಈ ಕಾಯಿಲೆಯಲ್ಲಿ ಮೆದುಳು, ಬೆನ್ನುಹುರಿಯ ನರಗಳ ಮೇಲ್ಪದರವನ್ನು ಕೆಡಿಸುತ್ತವೆ. ಫಿಂಗೋಲಿಮಾಡ್ ಅನ್ನೋ ಮಾತ್ರೆ ಆ ಕಣಗಳನ್ನು ದುಗ್ಧಗ್ರಂಥಿಗಳಲ್ಲೇ, ಅಂದ್ರೆ ಕುತ್ತಿಗೆ, ಕಂಕುಳಿನಂಥ ಕಡೆ ಇರುವ ಲಿಂಫ್ ಗಂಟುಗಳಲ್ಲೇ, ತಡೆದು ಇಡುತ್ತದೆ. ಮಾತ್ರೆ ಬಿಟ್ಟಿರೋ, ಶಾಲೆ ಬಿಟ್ಟಾಗ ಮಕ್ಕಳು ನುಗ್ಗುವ ಹಾಗೆ ಅವು ಹೊರಗೆ ಬರುತ್ತವೆ.

ನನ್ನ ಹತ್ತಿರ ಚಿಕಿತ್ಸೆಗೆ ಬರುವ ಒಬ್ಬ ಹೆಣ್ಣುಮಗಳು, ಬ್ಯಾಂಕ್ ಉದ್ಯೋಗಿ. ಈ ಮಾತ್ರೆ ಶುರುವಾದ ಮೇಲೆ ಒಂದು ತೊಂದರೆಯೂ ಇರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ನೆಂಟರೊಬ್ಬರು, "ಇಷ್ಟು ಗಟ್ಟಿಮುಟ್ಟಾಗಿದ್ದೀಯ, ಇನ್ನೂ ಯಾಕಮ್ಮ ಆ ಉಷ್ಣದ ಮಾತ್ರೆ?" ಅಂದರಂತೆ. ಈ ನೆಂಟರು ಯಾವ ಕಾಲೇಜಲ್ಲಿ ಓದಿರ್ತಾರೋ! ಆಕೆ ನಿಲ್ಲಿಸಿಬಿಟ್ಟರು. ಮೊದಲ ತಿಂಗಳು ಏನೂ ಆಗಲಿಲ್ಲ. "ನೋಡಿದ್ರಾ" ಅಂತ ಮನೆಯವರೂ ಖುಷಿಪಟ್ಟರು. ದೀಪಾವಳಿ ಹತ್ತಿರ ಬಂತು. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹಣತೆ ಚೌಕಾಸಿ ಮಾಡಿ ಮುಂದೆ ಹೊರಟಿದ್ದಾರೆ, ಹಿಂದಿನಿಂದ ಅಂಗಡಿಯವನು ಕೂಗಿದ: "ಅಕ್ಕಾ, ಚಪ್ಪಲಿ!" ಬಲಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಕಳಚಿದ್ದೇ ಗೊತ್ತಾಗಿರಲಿಲ್ಲ. ಎರಡು ದಿನದಲ್ಲಿ ಎಡಗಣ್ಣು ಮಂಜಾಯಿತು. ಎಂಆರ್‌ಐ ತೆಗೆದರೆ ಮೆದುಳಲ್ಲಿ ಹೊಸ ಕಲೆಗಳು. ಐದು ದಿನ ರಕ್ತನಾಳಕ್ಕೆ ಸ್ಟಿರಾಯ್ಡ್ ಕೊಟ್ಟೆವು. ಕಣ್ಣು ತಿಳಿಯಾಯಿತು. ಬಲಗಾಲು ಮಾತ್ರ ಈಗಲೂ ಸ್ವಲ್ಪ ಎಳೆಯುತ್ತದೆ.

ಇದು ಅವರೊಬ್ಬರ ಹಣೆಬರಹ ಅಂದುಕೊಳ್ಳಬೇಡಿ. ಫಿಂಗೋಲಿಮಾಡ್ ಬಿಟ್ಟವರಲ್ಲಿ ಕೆಲವರಿಗೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಹೆಚ್ಚಾಗಿ 12 ವಾರದೊಳಗೆ, ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಹಾಕುವ ನಟಾಲಿಜುಮಾಬ್ ಅನ್ನೋ ಇನ್ನೊಂದು ಎಂಎಸ್ ಔಷಧಿ ನಿಲ್ಲಿಸಿದರೂ ಇದೇ ಗತಿ. ಚೆನ್ನಾಗಿದ್ದೀರಿ ಅಂದ್ರೆ ಕಾಯಿಲೆ ಹೋಯಿತು ಅಂತಲ್ಲ ರೀ, ಔಷಧಿ ಕೆಲಸ ಮಾಡ್ತಿದೆ ಅಂತ!

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದ್ದಾರೆ, ಬೇಗ ಹೇಳ್ತೀನಿ. ಮಗು ಬೇಕು ಅಂತಿರುವವರು ಮೊದಲೇ ತಿಳಿಸಿ. ಫಿಂಗೋಲಿಮಾಡನ್ನು ಗರ್ಭ ಧರಿಸುವ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು, ಅದನ್ನೂ ನಾವೇ ನಿಲ್ಲಿಸ್ತೀವಿ. ದುಡ್ಡಿನ ತೊಂದರೆಯೇ? ಬಾಯಿಬಿಟ್ಟು ಹೇಳಿ, ಬೇರೆ ದಾರಿ ಹುಡುಕೋಣ. ಫಿಂಗೋಲಿಮಾಡ್ ಎರಡು ವಾರಕ್ಕಿಂತ ಹೆಚ್ಚು ತಪ್ಪಿಸಿದ್ದರೆ ಮನೆಯಲ್ಲೇ ಮತ್ತೆ ಶುರು ಮಾಡಬೇಡಿ. ಎದೆಬಡಿತ ನಿಧಾನವಾಗಬಹುದು, ಮೊದಲ ದಿನದ ಹಾಗೇ ಆಸ್ಪತ್ರೆಯಲ್ಲಿ ಆರು ಗಂಟೆ ಕೂರಬೇಕು. ವಾರಕ್ಕಾಗುವಷ್ಟು ಮಾತ್ರೆ ಉಳಿದಿರುವಾಗಲೇ ಮೆಡಿಕಲ್ ಶಾಪಿಗೆ ಹೋಗಿ. ನಮಸ್ಕಾರ.